ಮುಂದಿನ ಸೀಟು

ಬಾಡಿಗೆ ಕಾರಿನಲ್ಲಿ ನಾನು ಮುಂದಿನ ಸೀಟಿನಲ್ಲಿ ಕೂರುವುದಿಲ್ಲ. ನೋಡಿದವರು ಮಾಸ್ತರರ ವಿನಯ ಎಂದುಕೊಳ್ಳುತ್ತಾರೆ. ನಾನೂ ತಿದ್ದಲು ಹೋಗುವುದಿಲ್ಲ. ಪುಕ್ಕಟೆ ಸಿಕ್ಕ ಒಳ್ಳೆಯ ಹೆಸರನ್ನು ಯಾರು ಬಿಡುತ್ತಾರೆ?

ಒಂದು ಕಾಲಕ್ಕೆ ಆ ಸೀಟೆಂದರೆ ನನಗೆ ಪ್ರಾಣ. ಬಾಡಿಗೆ ಕಾರಿನ ಸುಖವೇ ಅದು, ಕೂತಷ್ಟು ಹೊತ್ತು ನಮ್ಮದೇ. ಬನವಾಸಿಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ನನ್ನ ಮಾವನವರಿಗೆ, ರಾಜ್ಯಗಳು ಒಂದಾಗಿ ನಾಲ್ಕಾರು ವರ್ಷ ಕಳೆದಿದ್ದರೂ, ಜೋಗದ ಆಚೆ ದಡ ಇನ್ನೂ ಪರದೇಶವೇ. ನಮ್ಮದು ಮುಂಬಯಿ ಪ್ರಾಂತ್ಯ, ಅದು ಮೈಸೂರು ಸಂಸ್ಥಾನ. ಅಲ್ಲಿಂದ ಜಲಪಾತ ಹೇಗೆ ಕಾಣುತ್ತದೋ ಒಮ್ಮೆ ನೋಡಬೇಕೆನ್ನುತ್ತಿದ್ದರು. ಎದೆನೋವಿನ ಮನುಷ್ಯ, ಬಸ್ಸು ಆಗದು. ಶಿರಸಿಯಲ್ಲಿ ಇನಾಸ ಎಂಬವನು ಓಡಿಸುತ್ತಿದ್ದ ಬಾಡಿಗೆ ಕಾರನ್ನು ಗೊತ್ತುಮಾಡಿದೆ. ಹಿಂದೆ ಮಾವನವರು ಮತ್ತು ಅವರ ಮಗಳು, ಅಂದರೆ ನನ್ನ ಹೆಂಡತಿ ಗಿರಿಜೆ. ಮುಂದೆ ಯಜಮಾನನಂತೆ ನಾನು, ಮೊಣಕೈ ಕಿಟಕಿಯ ಹೊರಗೆ. ಸಿದ್ದಾಪುರದ ಪೇಟೆಯಲ್ಲಿ ಗುರುತಿಲ್ಲದವರಿಗೂ ನಮಸ್ಕಾರ ಹೊಡೆದೆ.

ಮಾವನವರು ಆಚೆ ದಡದಲ್ಲಿ ಬಹಳ ಹೊತ್ತು ನಿಂತರು. "ಇಷ್ಟ ದಿನ ಇದರ ಬೆನ್ನ ನೋಡಿದ್ವಿ ತಂಗಿ, ಮಾರಿ ಇವತ್ತ ಕಂಡ್ವಿ," ಎಂದರು ಮಗಳಿಗೆ. ಬುತ್ತಿ ಉಂಡು ಹೊರಟೆವು.

ಸಿದ್ದಾಪುರ ದಾಟಿ ಕೋಲಸಿರ್ಸಿಯ ಗದ್ದೆಗಳ ಹತ್ತಿರ ಬಂದಾಗ ಇನಾಸನ ಕನ್ನಡಿಯಲ್ಲಿ ಮಾವನವರನ್ನು ಕಂಡೆ. ತಲೆ ಮಗಳ ಹೆಗಲ ಮೇಲಿತ್ತು. ಬಾಯಿ ತೆರೆದಿತ್ತು. ತುಟಿಯ ಮೇಲೆ ಕೂತ ನೊಣ ಏಳಲಿಲ್ಲ.

ಹೆಣ ಹೊತ್ತ ಕಾರನ್ನು ಮದುವೆಗೆ ಯಾರೂ ಕರೆಯುವುದಿಲ್ಲ, ಅಂಥದ್ದೇನಾದರೂ ಆದರೆ ಅಲ್ಲೇ ಇಳಿಸಿ ಬಾ ಎಂದು ಕಾರಿನ ಧಣಿಯ ಕಟ್ಟಪ್ಪಣೆ ಎಂದು ಇನಾಸ ಬೆಳಿಗ್ಗೆಯಷ್ಟೇ ಹರಟಿದ್ದ. ಗಿರಿಜೆ ಒಮ್ಮೆ ಅತ್ತರೆ ಮುಗಿಯಿತು, ಅಪ್ಪನ ಹೆಣ ರಸ್ತೆಬದಿಗೆ. ಸುಮ್ಮನಿದ್ದರೆ ಸಾಕಿತ್ತು. ಆದರೆ ಮಾಸ್ತರಿಕೆ ಮಾಡಿದವನಿಗೆ ಸುಮ್ಮನಿರಲು ಬರುವುದಿಲ್ಲ.

"ಮಾವಾರ, ಈ ಸಲ ಭತ್ತ ಚೊಲೋ ಬಂದಂಗ ಐತಲ್ರೀ," ಎಂದೆ, ರಸ್ತೆಯನ್ನೇ ನೋಡುತ್ತ.

"ಅಪ್ಪಾರು ಮಲಗ್ಯಾರ್ರೀ," ಎಂದಳು ಗಿರಿಜೆ ಹಿಂದಿನಿಂದ.

ಸದಾ ಹಾರಿಸಿಕೊಂಡು ಹೋಗುವ ಇನಾಸ ವೇಗ ತಗ್ಗಿಸಿದ. "ಹೊಂಡ ಉಂಟು ಮಾಸ್ತರ್ರೇ. ನಿಧಾನ ಹೋಗುವ."

ಶಿರಸಿಯಲ್ಲಿ ನಮ್ಮ ಮನೆಯ ಮುಂದೆ ನಿಲ್ಲಿಸಿ ಅವನು ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡಾಗ, ಅವನಿಗೂ ಗೊತ್ತಿತ್ತೆಂದು ತಿಳಿಯಿತು. "ಧಣಿಗೆ ಹೇಳ್ಬೇಡಿ," ಎಂದಷ್ಟೇ ಹೇಳಿ ಹೊರಲು ಕೈಕೊಟ್ಟ.

ನಮ್ಮಲ್ಲಿ ತೀರಿಕೊಂಡವರನ್ನು ಕೂರಿಸಿಯೇ ಮಣ್ಣು ಮಾಡುವುದು. ಅರ್ಧ ಸಂಸ್ಕಾರ ದಾರಿಯಲ್ಲೇ ಮುಗಿಸಿಕೊಂಡು ಬಂದರು ಎಂದು ನೆಂಟರೊಬ್ಬರು ಹೇಳಿದಾಗ ನನಗೆ ನಗು ಬಂತು. ಆಮೇಲೆ ತಡೆಯಲಾರದೆ ಅತ್ತುಬಿಟ್ಟೆ.

ಮೂರನೆಯ ದಿನ ಗಿರಿಜೆ ವಿಭೂತಿಯ ತಟ್ಟೆ ಒರೆಸುತ್ತಿದ್ದಾಗ, ಅವಳಿಗೆ ಗೊತ್ತಾಗದಂತೆ ಅಪ್ಪನನ್ನು ಮನೆ ಮುಟ್ಟಿಸಿದ್ದನ್ನು ಹೇಳಿದೆ. ದನಿಯಲ್ಲಿ ಸ್ವಲ್ಪ ಜಂಬವೂ ಇತ್ತು.

"ಸಿದ್ದಾಪುರದಾಗ ನೀರು ಕುಡಸಾಕ ಹೋದೆ. ಒಳಗ ಇಳೀಲಿಲ್ಲ," ಎಂದಳು ಅವಳು, ತಟ್ಟೆಯಿಂದ ಕಣ್ಣೆತ್ತದೆ. "ನೀವು ಅಂಜ್ತೀರಂತ ಸುಮ್ಮನಿದ್ದೆ. ಆದ್ರ ಶಿರಸಿ ಬರೋತನ ಒಂದ ಸಲನೂ ನೀವು ಹೊಳ್ಳಿ ನನ್ನ ಮಾರಿ ನೋಡ್ಲಿಲ್ಲ."

ಅಂದಿನಿಂದ ನಾನು ಹಿಂದೆ, ಗಿರಿಜೆಯ ಪಕ್ಕದಲ್ಲಿ ಕೂರುತ್ತೇನೆ. ಅಲ್ಲಿಂದ ರಸ್ತೆ ಸರಿಯಾಗಿ ಕಾಣುವುದಿಲ್ಲ. ಕಂಡು ಆಗಬೇಕಾದದ್ದೂ ಏನಿಲ್ಲ.