ಹದಿನಾರನೆಯ ಗಂಟೆಯ ರಕ್ತ

ಎರಡು ಕಂಪನಿಗಳ ಒಂದೇ ಔಷಧಿ ರಕ್ತಕ್ಕೆ ಒಂದೇ ರೀತಿ ಸೇರುತ್ತದೆಯೇ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಆರೋಗ್ಯವಂತರು ಬಂದು ಒಂದು ವಾರ ಒಂದು ಮಾತ್ರೆ, ಮುಂದಿನ ವಾರ ಇನ್ನೊಂದು ನುಂಗಿ, ಗಂಟೆ ನೋಡಿಕೊಂಡು ರಕ್ತ ಕೊಡುತ್ತಾರೆ. ಆರ್.ಎಸ್. ಪುರಂನ ನಮ್ಮ ಆಫೀಸಿಗೆ ಅವರ ಹೆಸರು ಬರುವುದಿಲ್ಲ, ನಂಬರ್ ಮಾತ್ರ. ನನಗೂ ಅದೇ ಅನುಕೂಲ. ಹೆಸರಿದ್ದರೆ ಮನಸ್ಸು ಅತ್ತ ಹೋಗಿ ಕೆಲಸ ಕೆಡುತ್ತದೆ.

ಅಪ್ಪ ಹೋಗಿ ಮೂರು ತಿಂಗಳಾಗಿತ್ತು. ಹೊಸ ಫೈಲಿನಲ್ಲಿ ಹನ್ನೊಂದನೆಯ ನಂಬರಿನವನ ಎರಡನೆಯ ಸರದಿ ಅರ್ಧಕ್ಕೇ ನಿಂತಿತ್ತು. ಮಾತ್ರೆ ನುಂಗಿ ಹನ್ನೆರಡನೆಯ ಗಂಟೆಯ ರಕ್ತ ಇದೆ, ರಾತ್ರಿ ಎಂಟಕ್ಕೆ ತೆಗೆದದ್ದು. ಹದಿನಾರನೆಯದು ಖಾಲಿ. ಕಾರಣ, ತಂದೆಯ ಮರಣ. ತಾರೀಕು ನೋಡಿದೆ, ಅಪ್ಪ ಹೋದ ದಿನವೇ. ವಯಸ್ಸು ನೋಡಿದೆ. ನನ್ನ ತಮ್ಮ.

ಸೋಮನೂರಿನ ಮನೆಯಲ್ಲಿ ಅಪ್ಪ ಬೆಳಿಗ್ಗೆ ತೀರಿಕೊಂಡಾಗ ತಮ್ಮನ ಫೋನ್ ಆಫ್ ಆಗಿತ್ತು. ಕತ್ತಲಾಗುವ ಮುಂಚೆ ಎತ್ತಬೇಕೆಂದು ಹಿರಿಯರು ಅವಸರ ಮಾಡಿದರು. ಚಿಕ್ಕಪ್ಪನ ಮಗ ಕೊಳ್ಳಿ ಇಟ್ಟ. ತಮ್ಮ ಬಂದದ್ದು ರಾತ್ರಿ ಒಂಬತ್ತೂವರೆಗೆ.

"ಅಪ್ಪನಿಗಿಂತ ಕೆಲಸ-ವೇಲೆ ದೊಡ್ಡದಾಯ್ತಾ ನಿಂಗೆ?" ಎಂದು ಹತ್ತು ಜನರ ಮುಂದೆ ಕೇಳಿದೆ.

"ನೂಲು ತರಕ್ಕೆ ಈರೋಡಿಗೆ ಹೋಗಿದ್ದೆ ಅಕ್ಕಾ," ಎಂದ. ಅಂದಿನಿಂದ ಅವನೊಡನೆ ಮಾತು ಬಿಟ್ಟಿದ್ದೆ.

ಮಾತ್ರೆ ನುಂಗಿದವರ ಫೋನನ್ನು ರಕ್ತ ತೆಗೆಯುವ ಕೇಂದ್ರದಲ್ಲಿ ತೆಗೆದಿಡುತ್ತಾರೆ, ರಾತ್ರಿ ಎಂಟರ ನಂತರ ಹತ್ತು ನಿಮಿಷ ಕೊಡುತ್ತಾರೆ. ನನಗೆ ಗೊತ್ತಿದ್ದದ್ದೇ. ನಮ್ಮ ಊರಲ್ಲಿ ಇದನ್ನು ರಕ್ತ ಮಾರುವುದು ಎನ್ನುತ್ತಾರೆ, ಅದಕ್ಕೇ ಅವನು ಬಾಯಿ ಬಿಟ್ಟಿರಲಿಲ್ಲ.

ಒಂದು ಸರದಿ ಪೂರ್ತಿಯಿಲ್ಲದವನನ್ನು ನಮ್ಮ ತಂತ್ರಾಂಶ ಹೋಲಿಕೆಯಿಂದ ಕೈಬಿಡುತ್ತದೆ. ಮೊದಲ ಸರದಿಯನ್ನಾದರೂ ಉಳಿಸಿಕೊಳ್ಳುವ ಇನ್ನೊಂದು ವಿಧಾನವೂ ಉಂಟು. ಆದರೆ ಯಾವುದನ್ನು ಬಳಸಬೇಕೆಂದು ಅಧ್ಯಯನಕ್ಕೆ ಮುಂಚೆಯೇ ಬರೆದು ಸಹಿ ಹಾಕಿರುತ್ತೇವೆ, ಈಗ ಬದಲಿಸುವಂತಿಲ್ಲ. ಬರೆದವಳು ನಾನೇ. ಬಟನ್ ಒತ್ತಿದೆ. ಹನ್ನೊಂದು ಹೋಯಿತು. ಅಳು ಬರಲಿಲ್ಲ, ಏನೂ ಬರಲಿಲ್ಲ. ಡಬ್ಬಿ ತೆಗೆದು ಮೊಸರನ್ನ ತಿಂದೆ.

ಸಂಜೆ ತಮ್ಮನಿಗೆ ಫೋನ್ ಮಾಡಿದೆ. ಅವತ್ತು ರಕ್ತ ಕೊಡಲು ಹೋಗಿದ್ದೆಯಾ ಎಂದು ಕೇಳುವುದು ನಿಯಮಕ್ಕೆ ವಿರುದ್ಧ. ಕೇಳಿದೆ.

ಆ ಕಡೆ ಮಗ್ಗಗಳು ಓಡುತ್ತಿದ್ದವು. "ಎಂಟಕ್ಕೇ ಗೊತ್ತಾಗಿದ್ದು ಅಕ್ಕಾ. ಕೈಯಲ್ಲಿದ್ದ ಸೂಜಿ ತೆಗೆಸ್ಕೊಂಡು ಓಡಿ ಬಂದೆ," ಎಂದ. ಆಮೇಲೆ, "ನಾ ಕೊಟ್ಟಿದ್ದಾದ್ರೂ ಲೆಕ್ಕಕ್ಕೆ ಬಂತಾ?" ಎಂದು ಕೇಳಿದ.

"ಬಂತು," ಎಂದೆ.