ಮಲಕಾರಿಯ ಹಾಜರಿ, ದುಂಡವ್ವನ ಪಾಳಿ

ಕರೋಶಿಯ ದುಂಡವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೂ ಚಿಕ್ಕೋಡಿಯ ಕಾಲೇಜಿನಲ್ಲಿ, ಬಿ.ಎ. ಮೂರನೇ ವರ್ಷದ ಕೊನೆಯ ಬೆಂಚಿನ ಮೇಲೆ, ಏಳು ತಿಂಗಳು ಕೂತು ಎದ್ದವಳು. ನಗುವವರು ಪೂರ್ತಿ ಕೇಳಿ ಆಮೇಲೆ ನಗಲಿ. ಅರ್ಧ ಕೇಳಿ ನಗುವವರೇ ನಮ್ಮ ಕಡೆ ಹೆಚ್ಚು, ಅವರ ಹತ್ತಿರ ನನಗೆ ಮಾತೇ ಬೇಡ.

ದುಂಡವ್ವನ ಗಂಡ ಮಾಯಪ್ಪ ನೂರಿಪ್ಪತ್ತು ಕುರಿಗಳ ಒಡೆಯ. ದಸರೆ ಮುಗಿಯುತ್ತಲೇ ಕುರಿ ಹೊಡೆದುಕೊಂಡು ಹೊರಟನೆಂದರೆ ಜೂನಿನ ಮೃಗದ ಮಳೆಯ ಹೊತ್ತಿಗೇ ಮತ್ತೆ ಊರು ಕಾಣುವ ಮನುಷ್ಯ. ಮಾತು ಕಡಿಮೆ, ಆಡಿದ್ದು ಮಾತ್ರ ಕಲ್ಲಿನ ಮೇಲಿನ ಗೆರೆ. ಒಬ್ಬನೇ ಮಗ ಮಲಕಾರಿ ಕಾಲೇಜಿಗೆ ಹೋಗುತ್ತೇನೆಂದಾಗ ಅವನು ಕೈಯಲ್ಲಿದ್ದ ಬಡಿಗೆಯನ್ನು ಗೋಡೆಗೆ ಆನಿಸಿ ಹೇಳಿದ್ದು ಇಷ್ಟೇ.

“ಮೂರ ವರ್ಷ ಕೊಟ್ಟೇನಿ. ಮೂರರಾಗ ಮುಗೀಲಿಲ್ಲಂದ್ರ ಈ ಬಡಿಗಿ ಹಿಡದು ನನ್ನ ಹಿಂದ ಬರಬೇಕು.”

ಆ ಬಡಿಗೆಗೆ ಮಗನಿಗಿಂತ ತಾಯಿಯೇ ಹೆಚ್ಚು ಅಂಜಿದಳು. ಇಪ್ಪತ್ತು ವರ್ಷ ಕುರಿಗಳ ಹಿಂದೆ ನಡೆದವಳು ಅವಳು. ಮಲಕಾರಿಯನ್ನು ಹೆತ್ತದ್ದೂ ಅಥಣಿ ಕಡೆಯ ಯಾರದೋ ಹೊಲದ ಬದುವಿನ ಮೇಲೆ. ಹೆತ್ತ ನಾಲ್ಕನೇ ದಿನ ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು ಮತ್ತೆ ನಡೆದಿದ್ದಳು. ಮಗನಿಗೆ ಒಂದು ಮೇಜು, ಒಂದು ಕುರ್ಚಿ, ತಲೆಯ ಮೇಲೊಂದು ಫ್ಯಾನು ಸಿಗಲೆಂಬುದು ಬಿಟ್ಟರೆ ದೇವರ ಹತ್ತಿರ ಅವಳದು ಬೇರೆ ಬೇಡಿಕೆ ಇರಲಿಲ್ಲ.

ಎರಡು ವರ್ಷ ಎಲ್ಲ ಸುಸೂತ್ರ. ಎಂಬತ್ತೇಳನೇ ಇಸವಿಯಲ್ಲಿ, ಮೂರನೇ ವರ್ಷ ಶುರುವಾಗುವ ಹೊತ್ತಿಗೆ, ನಿಪ್ಪಾಣಿಯ ಒಂದು ಸಂಘದವರು ಹಳ್ಳಿಯ ಹುಡುಗನೊಬ್ಬನನ್ನು ಎಂಟು ತಿಂಗಳು ಓದಲು ನ್ಯೂಜಿಲೆಂಡಿಗೆ ಕಳಿಸುತ್ತಾರೆಂದು ಸುದ್ದಿ ಬಂತು. ಮಲಕಾರಿ ಅರ್ಜಿ ಹಾಕಿದ. ಉಳಿದವರ ಮನೆಗಳಲ್ಲಿ ತಂಬಾಕಿನ ಗೋದಾಮುಗಳಿದ್ದವು, ಇವನ ಮನೆಯಲ್ಲಿ ಕುರಿಗಳಿದ್ದವು. ಆ ದೇಶದಲ್ಲಿ ಕಲಿಸುವುದೂ ಕುರಿ ಸಾಕುವುದನ್ನೇ, ಹಾಗಾಗಿ ಇವನೇ ಆಯ್ಕೆಯಾದ. ಶಿವ ಶಿವಾ, ಕುರಿ ತಪ್ಪಿಸಿಕೊಳ್ಳಲು ಕಾಲೇಜು ಸೇರಿದವನು ಏಳು ಸಮುದ್ರ ದಾಟಿ ಹೋಗಿ ಮತ್ತೆ ಕುರಿಯ ಬಾಲವನ್ನೇ ಹಿಡಿದ.

ಮಾಯಪ್ಪ ಬೇಡವೆನ್ನಲಿಲ್ಲ. ಎಂಟು ತಿಂಗಳು ಊರು ಬಿಡುವುದು ಅವನ ಮನೆತನದಲ್ಲಿ ಸುದ್ದಿಯೇ ಅಲ್ಲ. ಹೋಗಿ ಬಾ, ಆದರೆ ಮೂರು ಅಂದರೆ ಮೂರು ಎಂದ. ಮಾರ್ಚಿನಲ್ಲಿ ಬಂದು ಏಪ್ರಿಲ್ಲಿನಲ್ಲಿ ಪರೀಕ್ಷೆ ಬರೆಯುತ್ತೇನೆಂದು ಮಲಕಾರಿ ಪುಸ್ತಕಗಳನ್ನೆಲ್ಲ ಟ್ರಂಕಿಗೆ ತುಂಬಿದ. ಬಸ್ ಹತ್ತುವಾಗ ಹಾಜರಿಯ ಬಗ್ಗೆ ತಾಯಿಗೆ ಏನೋ ಹೇಳಿದ. ಆದರೆ ಅವಳು ದಾರಿಯ ರೊಟ್ಟಿಗೆಂದು ಮಾಡಿದ ಶೇಂಗಾ ಹಿಂಡಿಯ ಡಬ್ಬಿಯ ಮುಚ್ಚಳ ಗಟ್ಟಿಯಾಗಿದೆಯೋ ಇಲ್ಲವೋ ಎಂದು ಅಳುತ್ತ ನೋಡುತ್ತಿದ್ದಳು. ಒಂದು ಅಕ್ಷರವೂ ಕಿವಿಗೆ ಬೀಳಲಿಲ್ಲ.

ಆಗಸ್ಟ್ ಕೊನೆಗೆ ಮಲಕಾರಿಯ ಕ್ಲಾಸಿನ ಸುಗಂಧಾ ಹಿಟ್ಟಿನ ಗಿರಣಿಯಲ್ಲಿ ಸಿಕ್ಕಳು. ಅಂಚೆ ಕಚೇರಿಯ ಸತ್ತೆಪ್ಪನ ಮಗಳು, ಒಳ್ಳೆಯ ಹುಡುಗಿ. ದಿನಾ ಮೂವತ್ತೊಂದನೇ ನಂಬರು ಕೂಗುತ್ತಾರೆ, ಯಾರೂ ಓ ಅನ್ನುವುದಿಲ್ಲ ಎಂದು ನಗುತ್ತ ಹೇಳಿದಳು. ನೂರಕ್ಕೆ ಎಪ್ಪತ್ತೈದು ದಿನ ಹಾಜರಿ ಇಲ್ಲದವರನ್ನು ಪರೀಕ್ಷೆಗೆ ಕೂರಿಸುವುದಿಲ್ಲವೆಂದು ನೋಟೀಸು ಹಚ್ಚಿದ್ದಾರೆ ಎಂದೂ ಹೇಳಿದಳು.

ದುಂಡವ್ವನಿಗೆ ಗೋಡೆಗೆ ಆನಿಸಿದ ಬಡಿಗೆ ಕಣ್ಣ ಮುಂದೆ ಬಂತು.

ಇಲ್ಲಿ ಒಂದು ಮಾತು ತಿಳಿದಿರಬೇಕು. ಕುರಿಗಾರರು ನಾಲ್ಕಾರು ಮನೆಗಳ ಕುರಿಗಳನ್ನು ಒಂದೇ ಹೊಲದಲ್ಲಿ ಕೂಡಿಹಾಕಿ ಪಾಳಿಯ ಮೇಲೆ ಕಾಯುತ್ತಾರೆ. ಪಾಳಿ ಮನುಷ್ಯನದಲ್ಲ, ಮನೆಯದು. ಮಗ ಇಲ್ಲದಿದ್ದರೆ ಅಪ್ಪ, ಅಪ್ಪ ಇಲ್ಲದಿದ್ದರೆ ಅವ್ವ. ಯಾರು ಬಂದರೆಂದು ಯಾರೂ ಕೇಳುವುದಿಲ್ಲ, ಯಾವ ಮನೆಯಿಂದ ಬಂದರೆಂದು ಮಾತ್ರ ನೋಡುತ್ತಾರೆ. ಪಾಳಿ ಖಾಲಿ ಬಿಟ್ಟ ಮನೆಗೆ ಮುಖವಿಲ್ಲ. ಕಾಲೇಜೂ ಹೀಗೆಯೇ ಇರಬೇಕೆಂದು ದುಂಡವ್ವ ತಿಳಿದದ್ದರಲ್ಲಿ ತಪ್ಪೇನು ಬಂತು?

ಮೊಳಕಾಲು ಬೇನೆ, ಚಿಕ್ಕೋಡಿಯ ಡಾಕ್ಟರು ದಿನಾ ಸೂಜಿ ಹೇಳಿದ್ದಾರೆ ಎಂದು ಗಂಡನಿಗೆ ಸುಳ್ಳು ಹೇಳಿ, ಮರುದಿನವೇ ಬಸ್ ಹತ್ತಿದಳು. ಸುಗಂಧಾ ತೋರಿಸಿದ ಕೋಣೆಗೆ ಹೋಗಿ ಕೊನೆಯ ಬೆಂಚಿನ ಮೇಲೆ ಕೂತು, ಉಡಿಯೊಳಗಿನ ಉಣ್ಣೆ ತೆಗೆದು ನೂಲುವ ಕದರು ತಿರುಗಿಸತೊಡಗಿದಳು. ಅರ್ಥಶಾಸ್ತ್ರದ ಅಣ್ಣಾಸಾಬ ಚೌಗಲೆ ಸರ್ ಹಾಜರಿ ಕೂಗುತ್ತ ಮೂವತ್ತೊಂದಕ್ಕೆ ಬಂದರು.

“ಹಾಜರ್ ಐತ್ರಿ,” ಎಂದು ಎದ್ದು ನಿಂತಳು. “ಮಲಕಾರಿ ಮನಿಯಿಂದ ಬಂದೇನ್ರಿ.”

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಚೌಗಲೆ ಸರ್ ಸಿಡುಕು ಮೂತಿಯ ಮನುಷ್ಯ, ನಿಪ್ಪಾಣಿಯ ನಶ್ಯ ಇಲ್ಲದೆ ಉಸಿರಾಡದವರು. ಅವರು ನಗಲಿಲ್ಲ. ಕನ್ನಡಕದ ಮೇಲಿಂದ ನೋಡಿ, ಕೂಡ್ರಿ ಅಂದರು. ರಿಜಿಸ್ಟರಿನಲ್ಲಿ ಏನೋ ಬರೆದುಕೊಂಡರು. ಹಾಜರಿ ಬಿತ್ತೆಂದು ದುಂಡವ್ವನ ಜೀವ ತಂಪಾಯಿತು.

ದಸರೆಗೆ ಮಾಯಪ್ಪ ತಮ್ಮನ ಜೊತೆ ಕುರಿ ಹೊಡೆದುಕೊಂಡು ಹೋದ. ಮೊಳಕಾಲಿನ ನೆವದಲ್ಲಿ ದುಂಡವ್ವ ಮೊದಲ ಸಲ ಊರಲ್ಲೇ ಉಳಿದಳು. ಮಳೆ ಬರಲಿ, ಬಸ್ ತಪ್ಪಲಿ, ಅವಳ ಪಾಳಿ ತಪ್ಪಲಿಲ್ಲ. ಧಾರವಾಡದ ವಿಶ್ವವಿದ್ಯಾಲಯದಿಂದ ಮಲಕಾರಿಯ ಹೆಸರಿಗೆ ಬಂದ ಒಂದು ಲಕೋಟೆಯನ್ನು, ಮಲಕಾರಿಯೇ ಒಡೆಯಬೇಕೆಂದು, ದೇವರ ಗೂಡಿನಲ್ಲಿಟ್ಟು ಅರಿಶಿನದ ಭಂಡಾರ ಹಚ್ಚಿ ದಿನಾ ಕೈಮುಗಿದು ಕಾಲೇಜಿಗೆ ಹೋದಳು.

ಕೈ ನೂಲುತ್ತಿದ್ದರೂ ಕಿವಿ ಖಾಲಿ ಇತ್ತಲ್ಲ. ನೂರಿಪ್ಪತ್ತು ಕುರಿಗಳ ತಾಯಿ, ಅಜ್ಜಿ, ಮುತ್ತಜ್ಜಿಯರನ್ನು ನೆನಪಿನಲ್ಲಿ ಇಟ್ಟವಳಿಗೆ ಸರ್ ಹೇಳುವ ಪಾಠ ಯಾವ ಲೆಕ್ಕ? ಇನ್ನೊಂದನ್ನೂ ಕುರಿಗಾರತಿಯ ಕಣ್ಣು ಹಿಡಿದಿತ್ತು. ಸರ್ ಮುಖ್ಯವಾದ ಮಾತು ಹೇಳುವ ಮೊದಲು ಒಂದು ಚಿಟಿಕೆ ನಶ್ಯ ಏರಿಸುತ್ತಿದ್ದರು. ಬಹಳ ಮುಖ್ಯವಾಗಿದ್ದರೆ ಎರಡು.

ಮಲಕಾರಿ ಮಾರ್ಚಿನ ಮೊದಲ ವಾರ ಬರಬೇಕಾದವನು ಕೊನೆಯ ವಾರ ಬಂದ. ಪರೀಕ್ಷೆಗೆ ಹನ್ನೊಂದೇ ದಿನ. ಕೆಂಪಗಾಗಿದ್ದ, ದಪ್ಪಗಾಗಿದ್ದ, ಪುಸ್ತಕದ ಟ್ರಂಕಿಗೆ ಕಟ್ಟಿಕೊಟ್ಟ ಹಗ್ಗ ಕಟ್ಟಿದಂತೆಯೇ ಇತ್ತು. ಅಲ್ಲಿ ಒಂಬತ್ತುನೂರು ಕುರಿ ಒಟ್ಟಿಗೆ ಮರಿ ಹಾಕಿದವಂತೆ, ಪುಸ್ತಕ ತೆರೆಯಲು ಪುರಸೊತ್ತು ಎಲ್ಲಿ? ದೇವರ ಗೂಡಿನ ಲಕೋಟೆ ಒಡೆದು ಓದಿದವನು ತಾಯಿಯ ಮುಖ ನೋಡಿದ. ವಿದೇಶದ ಓದಿಗೆಂದು ಇಡೀ ವರ್ಷದ ಹಾಜರಿ ಮಾಫಿಯಾಗಿತ್ತು. ಬರೆದ ತಾರೀಖು ಸೆಪ್ಟೆಂಬರಿನದು.

ದುಂಡವ್ವ ಮರುದಿನ ಮಗನೊಂದಿಗೆ ಕಾಲೇಜಿಗೆ ಹೋಗಿ, ನಿಮಗೆ ಗೊತ್ತಿತ್ತೇನು ಎಂದು ಚೌಗಲೆ ಸರ್‌ಗೆ ನೇರವಾಗಿ ಕೇಳಿದಳು.

“ಸೆಪ್ಟೆಂಬರದಾಗ ಗೊತ್ತಾತ್ರಿ,” ಎಂದರು ಸರ್. “ಹೇಳಿದ್ರ ನೀವು ಬರೂದು ಬಿಡ್ತಿದ್ರಿ. ನಲವತ್ತೇಳ ಮಂದ್ಯಾಗ ಪಾಠ ಕೇಳಾವ್ರು ನೀವೊಬ್ಬರ ಇದ್ರಿ.”

ರಿಜಿಸ್ಟರು ತಿರುಗಿಸಿ ಮಲಕಾರಿಗೆ ತೋರಿಸಿದರು. ಮೂವತ್ತೊಂದರ ಮುಂದೆ ಮಾಫಿ ಎಂದಿತ್ತು. ಎಲ್ಲರ ಕೆಳಗೆ, ನಲವತ್ತೆಂಟನೆಯ ಸಾಲಿನಲ್ಲಿ, ಪೆನ್ಸಿಲಿನಿಂದ ದುಂಡವ್ವ ಮಾಯಪ್ಪ ಎಂದು ಬರೆದಿತ್ತು, ಒಂದು ದಿನವೂ ಗೈರುಹಾಜರಿ ಇರಲಿಲ್ಲ. ಮಗ ಓದಿ ಹೇಳಿದ ಮೇಲೆ ಅವಳು ಆ ಸಾಲಿನ ಮೇಲೆ ಒಮ್ಮೆ ಬೆರಳಾಡಿಸಿದಳು.

ಆದರೆ ಹಾಜರಿ ಮಾಫಿಯಾದರೆ ಪರೀಕ್ಷೆ ಮಾಫಿಯಾಗುತ್ತದೆಯೇ? ಅಂದೇ ಮಗನನ್ನು ಎದುರಿಗೆ ಕೂರಿಸಿಕೊಂಡಳು. ಇವನು ಪುಸ್ತಕ ತೆಗೆದು ಪಾಠದ ಹೆಸರು ಓದುವುದು, ಅವಳು ಕದರು ತಿರುಗಿಸುತ್ತ ಅದಕ್ಕೆ ಎಷ್ಟು ನಶ್ಯವೆಂದು ಹೇಳುವುದು. ನಶ್ಯವಿಲ್ಲದ ಪಾಠಗಳನ್ನು ಮುಲಾಜಿಲ್ಲದೆ ಬಿಡಿಸಿದಳು. ಇಳಿಮುಖ ಪ್ರತಿಫಲ ನಿಯಮ ಎಂಬಲ್ಲಿ ಮಲಕಾರಿ ತಲೆ ಕೆರೆದುಕೊಂಡ.

“ಅದಕ್ಕ ಎರಡ ಚಿಟಿಕಿ,” ಎಂದಳು. “ಹೊಲದಾಗ ಕುರಿ ಕೂಡ್ಸಿದಂಗಪಾ. ಎರಡ ರಾತ್ರಿ ಕೂಡ್ಸಿದ್ರ ಬೆಳಿ ಬಂಗಾರ. ಎಂಟ ರಾತ್ರಿ ಕೂಡ್ಸಿದ್ರ ಗೊಬ್ಬರದ ಕಾವಿಗೆ ಬೆಳಿನ ಸುಟ್ಟ ಹೋಗತೈತಿ.”

ಎಂಟು ತಿಂಗಳು ಪರದೇಶದಲ್ಲಿ ಕಲಿತವನಿಗೆ ತಲೆಯಲ್ಲಿ ದೀಪ ಹತ್ತಿದ್ದು ಆಗ. ಪರೀಕ್ಷೆಯಲ್ಲಿ ಎರಡು ಚಿಟಿಕೆಯ ಪಾಠಗಳಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಬಂದವು.

ಮೃಗದ ಮಳೆ ಬಿದ್ದ ಮೂರನೇ ದಿನ ಮಾಯಪ್ಪ ಕುರಿಗಳೊಂದಿಗೆ ಊರಿಗೆ ಬಂದ. ಕೈಯಲ್ಲಿ ಹಳೆಯ ಬಡಿಗೆ, ಕಂಕುಳಲ್ಲಿ ಇನ್ನೊಂದು ಹೊಸ ಬಿದಿರಿನ ಬಡಿಗೆ. ಮಗನ ಭುಜದ ಎತ್ತರಕ್ಕೆ ಕಡಿದು ತಂದದ್ದು. ಅವತ್ತೇ ಸಂಜೆ ಸುಗಂಧಾ ಚಿಕ್ಕೋಡಿಯಿಂದ ಫಲಿತಾಂಶ ತಂದಳು. ಅವಳಿಗೆ ಫಸ್ಟ್ ಕ್ಲಾಸು, ಮಲಕಾರಿಗೆ ಸೆಕೆಂಡ್ ಕ್ಲಾಸು.

ಮಾಯಪ್ಪ ಬೆರಳು ಮಡಚಿ ಎಣಿಸಿದ. ಮೂರೇ ಆಗಿತ್ತು. ಸರಿ ಎಂದ. ಖುಷಿಯ ಭರದಲ್ಲಿ ಮಲಕಾರಿ ನಶ್ಯ, ಬೆಂಚು, ರಿಜಿಸ್ಟರು ಎಲ್ಲವನ್ನೂ ಅಪ್ಪನ ಮುಂದೆ ಬಿಚ್ಚಿಟ್ಟ. ಸೂಜಿಯ ಸುಳ್ಳು ಹೊರಬಿತ್ತು. ಮಾಯಪ್ಪ ಹೆಂಡತಿಯ ಮೊಳಕಾಲನ್ನೊಮ್ಮೆ ನೋಡಿದ, ಮುಖವನ್ನೊಮ್ಮೆ ನೋಡಿದ.

“ಅವಗ ಮೂರ ವರ್ಷ ನಾ ಕೊಟ್ಟಿದ್ನಿ. ನಿನಗ ಯಾರ ಕೊಟ್ರು?”

“ಯಾರೂ ಕೊಡಲಿಲ್ಲ,” ಎಂದಳು ದುಂಡವ್ವ. “ನಾನ ತಗೊಂಡ್ನಿ.”

ಮಾಯಪ್ಪ ಎದ್ದು ಹೊಸ ಬಡಿಗೆಯನ್ನು ಅವಳ ಭುಜಕ್ಕೆ ಹಿಡಿದು ನೋಡಿದ. ಒಂದು ಗೇಣು ಹೆಚ್ಚು ಉದ್ದವಿತ್ತು. ಕೊಡಲಿ ತಂದು, ಆ ಗೇಣನ್ನು ಕಡಿದು, ತುದಿಯ ಸಿಬಿರು ಕೆತ್ತಿ ನುಣುಪು ಮಾಡಿ ಅವಳ ಕೈಗೆ ಕೊಟ್ಟ. ದಸರೆಗೆ ಹೊರಡುವಾಗ ದಾರಿಯಲ್ಲಿ ಆ ಪಾಠಗಳನ್ನೆಲ್ಲ ತನಗೂ ಹೇಳಬೇಕೆಂದ. ನಶ್ಯ ಇಲ್ಲದವನ್ನೂ ಬಿಡಬಾರದೆಂದ.