ಎಡಮೂಲೆಯ ಸಹಿ

ಸದಾಶಿವ ಪೇಠೆಯ, ಹಲವು ಬಾಡಿಗೆ ಸಂಸಾರಗಳಿದ್ದ ಆ ಹಳೆಯ ವಾಡೆಯಲ್ಲಿ ಕಾಂತಪ್ಪನನ್ನು ಎಲ್ಲರೂ ‘ಸರಕಾರ’ ಎಂದೇ ಕರೆಯುತ್ತಿದ್ದರು. ಆರೋಗ್ಯ ಖಾತೆಯ ಕಚೇರಿಯೊಂದರ ಗುಮಾಸ್ತನಿಗೆ ಅದು ದೊಡ್ಡ ಹೆಸರೇ. ನಲ್ಲಿಯಲ್ಲಿ ನೀರು ಬಾರದಿದ್ದರೂ, ರೇಷನ್ ಕಾರ್ಡಿನಲ್ಲಿ ಸೊಸೆಯ ಹೆಸರು ಬಿಟ್ಟುಹೋದರೂ ಜನ ಅವನ ಬಾಗಿಲನ್ನೇ ಬಡಿಯುತ್ತಿದ್ದರು. ಅವನಾದರೂ ಅದನ್ನು ತಮಾಷೆಯೆಂದು ತಿಳಿಯದೆ, ಎದೆ ಉಬ್ಬಿಸಿಕೊಂಡೇ ಓಡಾಡುತ್ತಿದ್ದ. ಅಪ್ಪ ಜಮಖಂಡಿಯಿಂದ ಬಂದು ಈ ಮರಾಠಿ ಊರಿನ ಕಿರಾಣಿ ಅಂಗಡಿಯಲ್ಲಿ ದುಡಿದವನು; ಮಗ ಮರಾಠಿ ಶಾಲೆಯಲ್ಲಿ ಕಲಿತು ಸರಕಾರಿ ಕುರ್ಚಿ ಹಿಡಿದ. ಮರಾಠಿ ಟಿಪ್ಪಣಿ ಬರೆಯುವುದರಲ್ಲಿ ಅವನದು ಎತ್ತಿದ ಕೈ. ಯಾವ ಸಾಹೇಬ ಬಂದರೂ ಆ ಸಾಹೇಬನ ದನಿಯಲ್ಲೇ ಬರೆದುಕೊಡುತ್ತಿದ್ದ. ಅವರು ಓದಿ, ಇದೆಲ್ಲ ತಾವೇ ಯೋಚಿಸಿದ್ದೆಂದು ನಂಬಿ ಸಹಿ ಹಾಕುತ್ತಿದ್ದರು.

ಆ ಕಚೇರಿಯಲ್ಲೊಂದು ಪದ್ಧತಿ. ಸಾಹೇಬನಿಗೆ ಏನು ಬೇಕೋ ಅದನ್ನು ಅವನು ಬಾಯಿಮಾತಿನಲ್ಲಿ ಹೇಳುತ್ತಾನೆ. ಗುಮಾಸ್ತ ಅದನ್ನು ತನಗೇ ಹೊಳೆದ ಪ್ರಸ್ತಾವದಂತೆ ಬರೆದು, ಹಾಳೆಯ ಎಡಮೂಲೆಯಲ್ಲಿ ತನ್ನ ಸಹಿ ಹಾಕಿ ಮೇಲೆ ಕಳಿಸುತ್ತಾನೆ. ಬಲಗಡೆ ಒಬ್ಬರ ನಂತರ ಒಬ್ಬರು ಸಾಹೇಬರು ‘ಒಪ್ಪಿಗೆ’ ಎನ್ನುತ್ತಾರೆ. ನೌಕರಿಯುದ್ದಕ್ಕೂ ಕಾಂತಪ್ಪ ಹಾಕಿದ ಎಡಮೂಲೆಯ ಸಹಿಯತ್ತ ಯಾರೂ ಕಣ್ಣು ಹಾಯಿಸಿರಲಿಲ್ಲ.

ಆಮೇಲೆ ಕನ್ಸಲ್ಟಂಟರು ಬಂದರು. ಖಾಸಗಿ ಕಂಪನಿಯವರು, ಸರಕಾರ ಹೇಗೆ ನಡೆಯಬೇಕೆಂದು ಸರಕಾರಕ್ಕೇ ಕಲಿಸಲು ಬಂದವರು. ಸಾಹೇಬರ ಪಕ್ಕದ ಕೋಣೆಗೆ ಏಸಿ ಹಾಕಿಸಿ ಅವರನ್ನು ಕೂರಿಸಿದರು. ನೌಕರರ ತಲೆಯ ಮೇಲೆ ಮಾತ್ರ ಅದೇ ಹಳೇ ಫ್ಯಾನು ಗೊರಗೊರ ಎನ್ನುತ್ತಿತ್ತು. ಪರದೆಯ ಮೇಲೆ ಬಣ್ಣದ ಚಿತ್ರಗಳು ಬರುವವು, ಸಾಹೇಬರು ತಲೆಯಾಡಿಸಿ ಎದ್ದುಹೋಗುವರು. ಯಾರ ರಾಜ್ಯಭಾರ ಇದು ಎಂದು ನೌಕರರು ಮೂಗು ಮುರಿದರೂ ಕೇಳುವವರಿರಲಿಲ್ಲ.

ಆ ಕನ್ಸಲ್ಟಂಟರಲ್ಲಿ ಇಂಪನಾ ಎಂಬ ಹುಡುಗಿ ಮೈಸೂರಿನವಳು. ಒಂದು ದಿನ ಕಾಂತಪ್ಪ ಫೋನಿನಲ್ಲಿ ಮಾತಾಡುವುದು ಕಿವಿಗೆ ಬಿದ್ದು ಓಡಿಬಂದಳು. “ಸರ್, ನೀವು ಕನ್ನಡದವ್ರಾ? ಅಯ್ಯೋ, ಇಷ್ಟು ದಿನ ಹೇಳ್ಲೇ ಇಲ್ವಲ್ಲ!” ಕಾಂತಪ್ಪನಿಗೆ ಹಿಗ್ಗೇ ಹಿಗ್ಗು. ಅಷ್ಟು ವರ್ಷ ಆ ಕಟ್ಟಡದೊಳಗೆ ತನ್ನ ಮನೆಯ ಮಾತನ್ನು ಎದುರುಬದುರಾಗಿ ಆಡಿದವರೇ ಇರಲಿಲ್ಲ. ಅಂದಿನಿಂದ ಅವಳು ಚಹಾ ಹಿಡಿದು ಅವನ ಮೇಜಿನ ಬಳಿ ಬರುವಳು, ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳುವಳು, ಅವನು ಅದನ್ನು ಮರಾಠಿಗಿಳಿಸುವನು. ಕನ್ನಡ ನಾಡಿನ ಬಸ್ಸುಗಳಿಗೆ ಟಿಕೆಟ್ ಮಾಡಿಸುವ ಗೆಳೆಯ ಭೀಮಣ್ಣನಿಗೆ ಹೇಳಿ ಒಮ್ಮೆ ದೀಪಾವಳಿಗೆ ಅವಳಿಗೆ ಬೆಂಗಳೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟನ್ನೂ ಕೊಡಿಸಿದ.

ಒಂದು ಮಧ್ಯಾಹ್ನ ಅವಳು ಹೇಳಿದಳು: “ಸರ್, ಕಾತ್ರಜ ದವಾಖಾನೆಲಿ ನೈಟ್ ಶಿಫ್ಟ್ ವೇಸ್ಟ್. ರಾತ್ರಿ ಹೆಚ್ಚು ಜನ ಬರಲ್ಲ. ಕ್ಲೋಸ್ ಮಾಡಿ ಡಾಕ್ಟರನ್ನ ಬೇರೆ ಕಡೆ ಹಾಕ್ಬಹುದು. ಸಾಹೇಬ್ರು ಓಕೆ ಅಂದಿದಾರೆ. ಒಂದು ನೋಟ್ ಹಾಕ್ಬಿಡ್ತೀರಾ?”

“ನಮ್ಮ ಹುಡುಗಿ ಕೇಳಿದ ಮ್ಯಾಲೆ ಒಲ್ಲೆ ಅಂತೀನೇನವಾ?” ಎಂದು ಕಾಂತಪ್ಪ ಅಲ್ಲೇ ಬರೆಯಲು ಕೂತ. ಚೆಂದವಾಗಿಯೇ ಬರೆದ. ಸಾರ್ವಜನಿಕರಿಗೆ ಯಾವ ತೊಂದರೆಯೂ ಆಗದು ಎಂದು ತನ್ನದೇ ಒಂದು ವಾಕ್ಯ ಸೇರಿಸಿ ಸಹಿ ಹಾಕಿದ.

ಭೀಮಣ್ಣ ಅದೇ ವಾಡೆಯಲ್ಲಿ, ಕಾಂತಪ್ಪನ ಕೆಳಗಿನ ಖೋಲಿಯಲ್ಲಿದ್ದ. ಮನೆಗೆ ಬಂದಾಗ ಧೂಳು ಕೊಡವಲು ಹೊಸ್ತಿಲಿಗೆ ಚಪ್ಪಲಿಯನ್ನು ಪಟಪಟ ಬಡಿದು ಒಳಗೆ ಹೋಗುವುದು ಅವನ ರೂಢಿ. ತನ್ನ ಹೆಂಡತಿ ತೀರಿಕೊಂಡ ಮೇಲೆ ಒಂಟಿಯಾಗಿದ್ದ ಕಾಂತಪ್ಪನಿಗೆ ಆ ಸದ್ದು ಕೇಳಿದರೇ ದಿನ ಮುಗಿದಂತೆ. ಅಂಥ ಭೀಮಣ್ಣನಿಗೆ ಒಂದು ರಾತ್ರಿ ಊರಂಚಿನ ಕಾತ್ರಜದಲ್ಲಿ ಕಡೆಯ ಬಸ್ಸಿಗೆ ಜನರನ್ನು ಹತ್ತಿಸುವಾಗ ಎದೆ ಹಿಡಿಯಿತು. ಜೊತೆಯವರು ದವಾಖಾನೆಗೆ ಹೊತ್ತೊಯ್ದರೆ ಬಾಗಿಲಿಗೆ ಬೀಗ. ರಿಕ್ಷಾ ಹುಡುಕಿ ಊರೊಳಗಿನ ಆಸ್ಪತ್ರೆ ಮುಟ್ಟುವುದರೊಳಗೆ ಜೀವ ಹೋಗಿತ್ತು.

ಭೀಮಣ್ಣನ ಹೆಂಡತಿ ಪಾರವ್ವ ಅತ್ತಳು, ಆಮೇಲೆ ಅಳು ನಿಲ್ಲಿಸಿದಳು. ಮಣ್ಣು ಮಾಡಿ ಬಂದ ದಿನವೇ ಕಾಂತಪ್ಪನನ್ನು ತಡೆದು ನಿಲ್ಲಿಸಿ ಕೇಳಿದಳು: “ಆ ಬೀಗ ಹಾಕ್ಸಿದವರು ಯಾರ್ರೀ ಅಣ್ಣಾರ? ನೀವು ಸರಕಾರದಾಗ ಅದೀರಿ. ನನಗ ಒಂದು ಹೆಸರು ಹೇಳ್ರಿ, ಮತ್ತೇನೂ ಬ್ಯಾಡ.”

“ನೋಡ್ತೀನವಾ,” ಎಂದ ಕಾಂತಪ್ಪ. ಅವಳ ಮುಖ ನೋಡದೆ ಮೆಟ್ಟಿಲು ಹತ್ತಿದ.

ಅಂದಿನಿಂದ ಪ್ರತಿ ಸಂಜೆ ಅವನು ಬರುವ ಹೊತ್ತಿಗೆ ಪಾರವ್ವ ಮೆಟ್ಟಿಲ ಬುಡದಲ್ಲಿ ಚಹಾ ಹಿಡಿದು ನಿಲ್ಲುವಳು. “ಏನರ ಗೊತ್ತಾತೇನ್ರಿ?” ಎನ್ನುವಳು. “ಇನ್ನೂ ಇಲ್ಲ” ಎಂದು ಅವನು ನಿಂತೇ ಚಹಾ ಕುಡಿಯುವನು. ಮೇಲೆ ಹತ್ತುವಾಗ ಬೆನ್ನ ಹಿಂದೆ ಹೊಸ್ತಿಲಿಗೆ ಚಪ್ಪಲಿ ಬಡಿದ ಸದ್ದು. ತಿರುಗಿದರೆ ಯಾರೂ ಇಲ್ಲ. ಮೊದಮೊದಲು ಇಲಿ ಇರಬೇಕೆಂದುಕೊಂಡ. ಕ್ರಮೇಣ ಅದು ಕಚೇರಿಗೂ ಬಂತು. ಟಿಪ್ಪಣಿ ಬರೆದು ಎಡಮೂಲೆಗೆ ಪೆನ್ನು ಒಯ್ದ ಕೂಡಲೇ ಮೇಜಿನ ಕೆಳಗೆ ಪಟಪಟ. ಕಾಂತಪ್ಪ ಹೆದರಿದ. ಹಾಡುಹಗಲಿನಲ್ಲಿ, ಅಷ್ಟು ಜನರ ನಡುವೆ ಕೂತು ಹೆದರಿದ.

ಅಷ್ಟರಲ್ಲಿ ಗದ್ದಲ ಎದ್ದಿತ್ತು. ಸರಕಾರವನ್ನು ಖಾಸಗಿ ಕಂಪನಿಗಳೇ ನಡೆಸುತ್ತಿವೆ, ಕನ್ಸಲ್ಟಂಟರು ಹೇಳಿದ್ದಕ್ಕೆಲ್ಲ ಸಾಹೇಬರು ಕೋಲೆಬಸವರಾಗಿದ್ದಾರೆ ಎಂದು ಪತ್ರಿಕೆಗಳು ಬರೆದವು. ವಿಚಾರಣಾ ಸಮಿತಿ ಬಂತು. ಕಾಂತಪ್ಪನಿಗೆ ಉಸಿರು ಬಂದಂತಾಯಿತು. ಇನ್ನು ಸತ್ಯ ತಾನಾಗಿಯೇ ಹೊರಬೀಳುತ್ತದೆ, ಪಾರವ್ವನಿಗೆ ಬೇರೆ ಯಾವುದಾದರೂ ಹೆಸರು ಹೇಳಬಹುದು ಎಂದು ಆಸೆಪಟ್ಟ.

ಸಾಹೇಬರು ಸಮಿತಿಯ ಮುಂದೆ ಸಲೀಸಾಗಿ ಕೈತೊಳೆದುಕೊಂಡರು. ಪ್ರಸ್ತಾವ ಕೆಳಗಿನಿಂದ ಬಂತು, ನಾವು ಒಪ್ಪಿದೆವು ಎಂದರು. ಸಮಿತಿಯ ಅಧ್ಯಕ್ಷರು ಕಾಂತಪ್ಪನನ್ನು ಕರೆಸಿ, ಕಾತ್ರಜದ ಫೈಲಿನ ಎಡಮೂಲೆಯ ಮೇಲೆ ಬೆರಳಿಟ್ಟು ಮರಾಠಿಯಲ್ಲಿ ಕೇಳಿದರು: “ಇದು ನಿಮ್ಮ ಸಹಿಯೇ?”

“ಹೌದು ಸಾಹೇಬ. ಆದರೆ ಹೇಳಿದ್ದು ಕನ್ಸಲ್ಟಂಟ್ ಮೇಡಂ.”

“ಬರೆದು ಕೊಟ್ಟಿದ್ದರೇ?”

“ಇಲ್ಲ, ಬಾಯಲ್ಲಿ. ನನ್ನ ಮೇಜಿನ ಹತ್ತಿರವೇ, ಎಲ್ಲರೆದುರಿಗೆ.”

ಪಕ್ಕದ ಮೇಜಿನ ಹರ್ಷದಾಳನ್ನು ಕರೆಸಿದರು. ಆಕೆ ಒಳ್ಳೆಯವಳೇ, ಸುಳ್ಳು ಹೇಳುವವಳಲ್ಲ. “ದಿನವೂ ನಗುನಗುತ್ತಾ ಮಾತಾಡುತ್ತಿದ್ದರು,” ಎಂದಳು. “ಆದರೆ ಕನ್ನಡದಲ್ಲಿ. ಊರಿನ ಸುದ್ದಿ ಇರಬೇಕೆಂದು ನಾವು ಸುಮ್ಮನಿರುತ್ತಿದ್ದೆವು.” ಅಧ್ಯಕ್ಷರ ಮುಖದಲ್ಲಿ ನಗೆ ಸುಳಿಯಿತು. ಅಷ್ಟು ವರ್ಷಗಳ ಮೇಲೆ ಸಿಕ್ಕಿದ ಮನೆಯ ಮಾತು ಕಾಂತಪ್ಪನನ್ನು ಒಂಟಿ ಮಾಡಿ ನಿಲ್ಲಿಸಿತು.

ಹೊರಬಂದು ಇಂಪನಾಳಿಗೆ ಫೋನು ಮಾಡಿದ. ಅವಳೀಗ ಬೇರೆ ರಾಜ್ಯದ ಬೇರೆ ಸರಕಾರಕ್ಕೆ ಸಲಹೆ ಕೊಡುತ್ತಿದ್ದಳು. “ಸರ್, ನಾವು ಅಡ್ವೈಸ್ ಅಷ್ಟೇ ಕೊಡೋದು. ಡಿಸಿಷನ್ ನಿಮ್ಮ ಆಫೀಸಿಂದೇ ಅಲ್ವಾ?” ಎಂದಳು. ಕಂಪನಿ ಕಲಿಸಿಕೊಟ್ಟ ಪಾಠ. ಕಾಂತಪ್ಪ ಭೀಮಣ್ಣ ಸತ್ತದ್ದನ್ನು ಹೇಳಿದ.

“ಕಿಟಕಿ ಸೀಟ್ ಕೊಡ್ಸಿದ್ರಲ್ಲ ಸರ್... ಅವ್ರಾ?” ಎಂದು ಕೇಳಿದಳು. ಉತ್ತರಕ್ಕೆ ಕಾಯದೆ ಫೋನು ಇಟ್ಟಳು.

ಆ ಸಂಜೆ ಪಾರವ್ವ ಎಂದಿನಂತೆ ಚಹಾದ ಕಪ್ಪು ಕೊಟ್ಟಳು. “ಏನರ ಗೊತ್ತಾತೇನ್ರಿ?”

ಕಾಂತಪ್ಪ ಕಪ್ಪನ್ನು ಬಾಯಿಗೆ ಒಯ್ಯಲಿಲ್ಲ. “ಹೇಳಿದಾಕಿ ಒಬ್ಬ ಹುಡುಗಿ. ಹೂಂ ಅಂದವರು ಸಾಹೇಬರು. ಬರದು ಸಹಿ ಮಾಡಿದಾಂವ ನಾನ, ಪಾರವ್ವಾ. ಯಾರಿಗೂ ತೊಂದ್ರಿ ಇಲ್ಲ ಅಂತ ನಾನ ಬರದೆ.”

ಪಾರವ್ವ ಅವನ ಮುಖವನ್ನೇ ನೋಡಿದಳು. “ಯಾವಾಗಿಂದ ಗೊತ್ತಿತ್ತು?”

“ಮಣ್ಣು ಮಾಡಿದ ದಿನದಿಂದ.”

“ಮತ್ತ ದಿನಾ ನನ್ನ ಕೈಯಾಗಿನ ಚಹಾ ಹ್ಯಾಂಗ ಕುಡದ್ರಿ?”

ಅವನ ಕೈಯಿಂದ ಕಪ್ಪನ್ನು ತೆಗೆದುಕೊಂಡು, ಚಹಾವನ್ನು ಮೋರಿಗೆ ಚೆಲ್ಲಿ, ಒಳಗೆ ಹೋಗಿ ಅಗಳಿ ಹಾಕಿಕೊಂಡಳು.

ಸಮಿತಿ ವರದಿ ಕೊಟ್ಟಿತು; ಕಾಂತಪ್ಪನಿಗೆ ಎಚ್ಚರಿಕೆಯ ಪತ್ರ ಬಂತು, ಉಳಿದವರಿಗೆ ಏನೂ ಬರಲಿಲ್ಲ. ಕಾತ್ರಜದ ಬಾಗಿಲು ರಾತ್ರಿ ಇನ್ನೂ ಮುಚ್ಚಿಯೇ ಇದೆ. ವಾಡೆಯ ಜನ ಈಗಲೂ ಅವನನ್ನು ‘ಸರಕಾರ’ ಎನ್ನುತ್ತಾರೆ. ಸಂಜೆ ಅವನು ಮೆಟ್ಟಿಲ ಬುಡದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಾನೆ. ಮುಚ್ಚಿದ ಬಾಗಿಲಾಚೆ ಚಹಾ ಕುದಿಯುವ ವಾಸನೆ ಬರುತ್ತದೆ, ಯಾರೂ ಏನೂ ಕೇಳುವುದಿಲ್ಲ. ಅವನು ಹತ್ತತೊಡಗಿದ ಮೇಲೆ ಹಿಂದೆ ಹೊಸ್ತಿಲಿಗೆ ಚಪ್ಪಲಿ ಬಡಿದ ಸದ್ದಾಗುತ್ತದೆ. ಕಾಂತಪ್ಪ ಈಗ ತಿರುಗಿ ನೋಡುವುದಿಲ್ಲ.